ಗೇರು ಬದಲಾದರೆ ಎಂಜಿನ್ನಿಗೆ ಹೇಳುವವರು ಯಾರು?

ಹರಪನಹಳ್ಳಿಯ ಬಸ್ ನಿಲ್ದಾಣದ ಮುಂದೆ ಸ್ವಲ್ಪ ಹೊತ್ತು ನಿಂತರೆ ಕೆ.ಎ. 34, ಕೆ.ಎ. 35, ಕೆ.ಎ. 17 ಎಂಬ ಮೂರೂ ಬಗೆಯ ನಂಬರಿನ ವಾಹನಗಳು ಕಣ್ಣಿಗೆ ಬಿದ್ದಾವು. ಮೊದಲನೆಯದು ಬಳ್ಳಾರಿಯದು, ಎರಡನೆಯದು ಹೊಸಪೇಟೆಯದು, ಮೂರನೆಯದು ದಾವಣಗೆರೆಯದು. ಊರು ಇದ್ದಲ್ಲೇ ಇದೆ. ಆದರೆ 1997ರಲ್ಲಿ ಅದನ್ನು ಬಳ್ಳಾರಿಯಿಂದ ಕಳಚಿ ಹೊಸ ದಾವಣಗೆರೆ ಜಿಲ್ಲೆಗೆ ಜೋಡಿಸಲಾಯಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಮರಳಿಸಲಾಯಿತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹೊಸಪೇಟೆಗಳ ಜತೆಯಲ್ಲಿ ವಿಜಯನಗರ ಜಿಲ್ಲೆಗೆ ಸೇರಿಸಲಾಯಿತು. ಹೊಲ ಅದೇ, ಕೆರೆ ಅದೇ. ಯಾವುದಕ್ಕೆ ಜೋಡಿಸಿದ್ದಾರೆ ಎಂಬುದು ಬದಲಾದಾಗಲೆಲ್ಲ ಕಚೇರಿಯ ಕಾಗದಗಳಲ್ಲಿ ಸಂಕೇತವನ್ನು ತಿದ್ದಬೇಕಾಯಿತು. ತಿದ್ದದೆ ಉಳಿದ ಕಾಗದ ಯಾವ ಕಿಟಕಿಯಲ್ಲೂ ನಡೆಯುವುದಿಲ್ಲ.

ಆ ವಾಹನಗಳ ಒಳಗೂ ಇಂಥದೇ ಒಂದು ಪ್ರಸಂಗ ಇದೆ. ಈಗಿನ ಕಾರುಗಳ ಎಂಜಿನ್ನನ್ನು ಆಳುವುದು ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಲೋಹದ ಪೆಟ್ಟಿಗೆ. ಗ್ಯಾರೇಜಿನವರು ಅದನ್ನು ಇ.ಸಿ.ಎಂ. ಎನ್ನುತ್ತಾರೆ, ಸಾಮಾನ್ಯ ಮಾತಿನಲ್ಲಿ ಅದು ಎಂಜಿನ್ನಿನ ಕಂಪ್ಯೂಟರ್. ಮಳೆನೀರು ಒಳಹೊಕ್ಕರೆ, ಬ್ಯಾಟರಿಯ ತಂತಿಗಳನ್ನು ತಿರುಗುಮುರುಗು ಕೊಟ್ಟರೆ, ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಮಾಡಿಸಿದರೆ ಅದು ಸುಟ್ಟುಹೋಗಬಹುದು. ಹೊಸದರ ಬೆಲೆ ಹತ್ತಾರು ಸಾವಿರ ರೂಪಾಯಿ. ಹಾಗಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ, ಅಪಘಾತಕ್ಕೀಡಾದ ಅದೇ ಮಾದರಿಯ ಕಾರಿನಿಂದ ಬಿಚ್ಚಿದ ಪೆಟ್ಟಿಗೆಯನ್ನು ಹುಡುಕುವವರಿದ್ದಾರೆ. ಕಾರು ಅದೇ, ಎಂಜಿನ್ ಅದೇ, ತಂತಿಯ ಪ್ಲಗ್ಗೂ ಸರಿಯಾಗಿ ಕೂರುತ್ತದೆ. ಆದರೂ ಕಾರು ಹೊರಡುವುದಿಲ್ಲ. ಹೊರಟರೂ ಮಿಟರಿನಲ್ಲಿ ಹಳದಿ ದೀಪ ಆರುವುದಿಲ್ಲ, ಗೇರು ಬದಲಾಗುವಾಗ ಎದೆಗೆ ಗುದ್ದಿದಂತೆ ಎಳೆತ. ಕಾರಣ ಹಲವು ಇರಬಹುದು. ಅವುಗಳಲ್ಲಿ ಒಂದು, ಆ ಪೆಟ್ಟಿಗೆ ಬಂದದ್ದು ಕಾಲಿನಿಂದ ಕ್ಲಚ್ ಒತ್ತುವ ಕಾರಿನಿಂದ, ಈಗ ಕೂತಿರುವುದು ತಾನೇ ಗೇರು ಬದಲಿಸಿಕೊಳ್ಳುವ ಕಾರಿನಲ್ಲಿ.

ಎಂಜಿನ್ನಿಗೂ ಗೇರಿಗೂ ಇಷ್ಟೊಂದು ಬಳಕೆ ಏಕೆ? ಕ್ಲಚ್ ಇರುವ ಕಾರಿನಲ್ಲಿ ಗೇರು ಬದಲಿಸುವ ಕೆಲಸ ಚಾಲಕನದು. ಅವನು ಕ್ಲಚ್ ಒತ್ತಿ, ಎಕ್ಸಲರೇಟರ್ ಬಿಟ್ಟು, ಗೇರು ಹಾಕಿ, ಮತ್ತೆ ಒತ್ತುತ್ತಾನೆ. ಎಂಜಿನ್ನಿನ ಬಲವನ್ನು ಒಂದು ಕ್ಷಣ ತಗ್ಗಿಸುವುದು ಅವನ ಬಲಗಾಲು. ಆಟೋಮ್ಯಾಟಿಕ್ ಕಾರಿನಲ್ಲಿ ಆ ಕಾಲು ಎಕ್ಸಲರೇಟರ್ ಮೇಲೆಯೇ ಇರುತ್ತದೆ. ಆದ್ದರಿಂದ ಗೇರ್‌ಬಾಕ್ಸಿನದೇ ಇನ್ನೊಂದು ಕಂಪ್ಯೂಟರ್, ‘ಗೇರು ಬದಲಿಸುತ್ತಿದ್ದೇನೆ, ಬಲ ಕಡಿಮೆ ಮಾಡು’ ಎಂದು ಎಂಜಿನ್ನಿನ ಕಂಪ್ಯೂಟರಿಗೆ ಸಂದೇಶ ಕಳಿಸುತ್ತದೆ. ಎಂಜಿನ್ ಕಂಪ್ಯೂಟರ್ ಕಿಡಿಯನ್ನು ತುಸು ತಡಮಾಡಿ, ಇಲ್ಲವೇ ಗಾಳಿಯ ಬಾಗಿಲನ್ನು ಕಿರಿದು ಮಾಡಿ ಬಲ ತಗ್ಗಿಸುತ್ತದೆ. ಕೆಲಸ ಮುಗಿದೊಡನೆ ಮೊದಲಿನಂತಾಗುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಮಾತುಕತೆ. ದ್ರವದ ಮೂಲಕ ಬಲ ಸಾಗಿಸುವ ಆಟೋಮ್ಯಾಟಿಕ್‌ನಲ್ಲಿ, ಕಾರು ನಿಂತಿದ್ದಾಗಲೂ ಗೇರು ‘ಡಿ’ಯಲ್ಲಿದ್ದರೆ ಎಂಜಿನ್ನಿನ ಮೇಲೆ ಭಾರ ಬೀಳುತ್ತಲೇ ಇರುತ್ತದೆ, ಅದು ಆರಿಹೋಗದಂತೆ ಕಂಪ್ಯೂಟರ್ ಆ ಭಾರವನ್ನು ಲೆಕ್ಕಕ್ಕೆ ಹಿಡಿಯಬೇಕು. ಗೇರು ‘ಪಿ’ಯಲ್ಲಿ ಅಥವಾ ‘ಎನ್’ನಲ್ಲಿ ಇಲ್ಲದಿದ್ದರೆ ಸ್ಟಾರ್ಟ್ ಆಗಲು ಬಿಡಬಾರದು.

ಈಗ ಕ್ಲಚ್ ಕಾರಿನ ಪೆಟ್ಟಿಗೆಯನ್ನು ಆಟೋಮ್ಯಾಟಿಕ್ ಕಾರಿಗೆ ಹಾಕಿದರೆ, ಗೇರ್‌ಬಾಕ್ಸ್ ಕೂಗಿದ್ದು ಅದಕ್ಕೆ ಕೇಳಿಸುವುದಿಲ್ಲ. ತಿರುಗಾ ಹಾಕಿದರೆ ಸ್ಥಿತಿ ಇನ್ನೂ ವಿಚಿತ್ರ: ಇಲ್ಲದ ಗೇರ್ ಕಂಪ್ಯೂಟರಿನ ಸಂದೇಶಕ್ಕಾಗಿ ಪೆಟ್ಟಿಗೆ ಕಾಯುತ್ತದೆ, ಬಾರದಿದ್ದಾಗ ದೋಷವೆಂದು ಬರೆದುಕೊಂಡು ದೀಪ ಹಚ್ಚುತ್ತದೆ. ಕೆಲವು ಕಾರುಗಳಲ್ಲಿ ‘ಪಿ’ಯ ಸೂಚನೆ ಸಿಗದೆ ಸ್ಟಾರ್ಟರ್ ತಿರುಗುವುದೇ ಇಲ್ಲ. ಪೆಟ್ಟಿಗೆ ಕೆಟ್ಟಿಲ್ಲ. ತಾನು ಯಾವ ಮನೆಗೆ ಬಂದಿದ್ದೇನೆಂದು ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೆ.

ಹೀಗೆ ಹೇಳುವ ಕೆಲಸ ಕಂಪ್ಯೂಟರ್ ಬರುವ ಮೊದಲೂ ಇತ್ತು. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯ ಡೀಸೆಲ್ ಪಂಪನ್ನು ಕಾಣದ ಲಾರಿ ಮೆಕ್ಯಾನಿಕ್ ಈ ಸೀಮೆಯಲ್ಲಿ ಇರಲಾರ. ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಪಂಪು ಲಾರಿಗೂ ಬರುತ್ತಿತ್ತು, ಟ್ರ್ಯಾಕ್ಟರಿಗೂ, ಜನರೇಟರಿಗೂ. ಲಾರಿಯ ಎಂಜಿನ್ ಏರಿಳಿತದ ವೇಗದಲ್ಲಿ ಓಡಬೇಕು. ಜನರೇಟರಿನದು ಒಂದೇ ವೇಗದಲ್ಲಿ ನಿಲ್ಲಬೇಕು. ವ್ಯತ್ಯಾಸವಿದ್ದದ್ದು ಪಂಪಿನ ಬೆನ್ನಿಗಿದ್ದ ಗವರ್ನರಿನಲ್ಲಿ, ಅದರ ಸ್ಪ್ರಿಂಗು, ತೂಕಗಳ ಹೊಂದಿಕೆಯಲ್ಲಿ. ಪಂಪಿನ ಮೈಮೇಲಿನ ತಗಡಿನಲ್ಲಿ ಕೊರೆದ ಸಂಖ್ಯೆಯನ್ನು ನೋಡಿ, ಕಂಪನಿ ಕೊಟ್ಟ ಪಟ್ಟಿಯಲ್ಲಿ ಅದರ ಅಳತೆಗಳನ್ನು ಹುಡುಕಿ, ಟೆಸ್ಟ್ ಬೆಂಚಿನ ಮೇಲೆ ಕಟ್ಟಿ, ಗಾಜಿನ ನಳಿಗೆಗಳಲ್ಲಿ ಎಷ್ಟು ಡೀಸೆಲ್ ಬಿತ್ತೆಂದು ನೋಡಿ ಸ್ಕ್ರೂ ತಿರುಗಿಸುತ್ತಿದ್ದರು. ಸಂಡೂರು, ಹೊಸಪೇಟೆಗಳ ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ 2000ದ ದಶಕದಲ್ಲಿ ಪಂಪಿನ ಅಂಗಡಿಯವರಿಗೆ ಬಿಡುವೇ ಇರಲಿಲ್ಲವೆಂದರೆ ನಂಬಬಹುದು. ಬಳ್ಳಾರಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟು 2011ರ ಜುಲೈನಲ್ಲಿ ತಡೆಯೊಡ್ಡಿದ ಮೇಲೆ ಆ ಗದ್ದಲ ಇಳಿಯಿತು. ಇಲ್ಲಿ ಮುಖ್ಯವಾದ ಮಾತೆಂದರೆ, ಯಂತ್ರಕ್ಕೆ ಅದರ ನೆಲೆಯನ್ನು ತಿಳಿಸುವ ಭಾಷೆ ಆಗ ಸ್ಕ್ರೂ ಮತ್ತು ಸ್ಪ್ರಿಂಗಿನದಾಗಿತ್ತು. ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು, ಶಿಷ್ಯನಿಗೆ ಕಲಿಸಬಹುದಿತ್ತು.

ಪೆಟ್ರೋಲ್ ಕಾರಿನ ಕಾರ್ಬುರೇಟರಿನ ಕಥೆಯೂ ಇದೇ. ಅಮೆರಿಕದಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಿಂದಲೇ ಆಟೋಮ್ಯಾಟಿಕ್ ಗೇರು ಬಳಕೆಗೆ ಬಂದಿತ್ತು. ಮುಂದೆ ಅಲ್ಲಿನ ಕಾರುಗಳ ಬಾನೆಟ್ಟಿನೊಳಗೆ ಅಂಟಿಸಿದ ಚೀಟಿಯಲ್ಲಿ ಎಂಜಿನ್ ನಿಂತಲ್ಲೇ ಎಷ್ಟು ಸುತ್ತು ತಿರುಗಬೇಕೆಂಬ ಅಂಕಿ ಎರಡು ಬಗೆಯ ಗೇರಿಗೂ ಬೇರೆಬೇರೆಯಾಗಿ ಇರುತ್ತಿತ್ತು. ನಮ್ಮ ಅಂಬಾಸಡರ್, ಪದ್ಮಿನಿ, 1983ರ ಮಾರುತಿ 800ಗಳಿಗೆ ಆ ತೊಡಕು ಇರಲಿಲ್ಲ. ಕ್ಲಚ್ ಇಲ್ಲದ ಕಾರು ನಮ್ಮಲ್ಲಿ ಸಿನಿಮಾದ ವಸ್ತುವಾಗಿತ್ತು.

ಎಂಜಿನ್ನಿನ ಆಳ್ವಿಕೆಗೆ ಚಿಪ್ಪು ಬಂದದ್ದು 1970ರ ದಶಕದ ಕೊನೆಗೆ. ಜನರಲ್ ಮೋಟಾರ್ಸ್ 1977ರಲ್ಲಿ ತನ್ನ ಟೊರೊನಾಡೊ ಕಾರಿನ ಕಿಡಿಯ ಹೊತ್ತನ್ನು ಮೈಕ್ರೊಪ್ರೊಸೆಸರ್‌ಗೆ ಒಪ್ಪಿಸಿತು. ಜರ್ಮನಿಯ ಬಾಷ್ ಕಂಪನಿ 1979ರಲ್ಲಿ ಕಿಡಿ, ಇಂಧನ ಎರಡನ್ನೂ ಒಂದೇ ಪೆಟ್ಟಿಗೆಗೆ ವಹಿಸಿದ ‘ಮೊಟ್ರಾನಿಕ್’ ಅನ್ನು ಬಿ.ಎಂ.ಡಬ್ಲ್ಯು. ಕಾರಿನಲ್ಲಿ ತಂದಿತು. ಒಂದೇ ಪೆಟ್ಟಿಗೆಯನ್ನು ಹತ್ತಾರು ಬಗೆಯ ಕಾರುಗಳಿಗೆ ಹೊಂದಿಸುವುದು ಹೇಗೆ ಎಂಬ ಪ್ರಶ್ನೆ ಎದ್ದದ್ದು ಆಗಲೇ. ಜನರಲ್ ಮೋಟಾರ್ಸ್ 1980ರ ದಶಕದಲ್ಲಿ ಕಂಡುಕೊಂಡ ಉತ್ತರ ಸೊಗಸಾದದ್ದು. ಕಾರಿನ ತೂಕ, ಎಂಜಿನ್, ಗೇರಿನ ಬಗೆ ಇವೆಲ್ಲದರ ಲೆಕ್ಕವನ್ನು ‘ಪ್ರಾಮ್’ ಎಂಬ ಒಂದು ಪುಟ್ಟ ಚಿಪ್ಪಿನಲ್ಲಿ ಬರೆದಿಟ್ಟರು. ಪೆಟ್ಟಿಗೆ ಕೆಟ್ಟರೆ ಬದಲಿ ಪೆಟ್ಟಿಗೆ ಆ ಚಿಪ್ಪಿಲ್ಲದೆಯೇ ಬರುತ್ತಿತ್ತು. ಮೆಕ್ಯಾನಿಕ್ ಹಳೆಯದರ ಮುಚ್ಚಳ ತೆಗೆದು, ಚಿಪ್ಪನ್ನು ಮೆಲ್ಲಗೆ ಎಬ್ಬಿಸಿ ಹೊಸದರಲ್ಲಿ ಕೂರಿಸಬೇಕು. ಕಾರಿನ ನೆನಪು ಕಾರಿನಲ್ಲೇ ಉಳಿಯಿತು. ಬದಲಾದದ್ದು ಬರೀ ಮೈ. ಉತ್ತರೆ ಹಳ್ಳದ ದಾರಿಯ ಗ್ಯಾರೇಜಿನಲ್ಲೂ ಸ್ಕ್ರೂಡ್ರೈವರ್ ಒಂದರಿಂದ ಮಾಡಬಹುದಾದ ಕೆಲಸವದು.

ಆದರೆ ಆ ಏರ್ಪಾಡು ಬಹಳ ಕಾಲ ಉಳಿಯಲಿಲ್ಲ. ಬಿಚ್ಚದೆಯೇ ಅಳಿಸಿ ಬರೆಯಬಹುದಾದ ಚಿಪ್ಪುಗಳು 1990ರ ದಶಕದಲ್ಲಿ ಬಂದವು. ಅಷ್ಟರಲ್ಲಿ ಕಾರಿನೊಳಗಿನ ಕಂಪ್ಯೂಟರುಗಳು ಪರಸ್ಪರ ಮಾತನಾಡುವ ಸಾಮಾನ್ಯ ಭಾಷೆಯೂ ಸಿದ್ಧವಾಗಿತ್ತು. ಬಾಷ್ ಕಂಪನಿ 1986ರಲ್ಲಿ ಡೆಟ್ರಾಯಿಟ್‌ನಲ್ಲಿ ಲೋಕದ ಮುಂದಿಟ್ಟ ‘ಕ್ಯಾನ್’ ಎಂಬ ಏರ್ಪಾಡಿನಲ್ಲಿ ಹೆಣೆದ ಎರಡೇ ತಂತಿಗಳ ಮೇಲೆ ಎಲ್ಲ ಪೆಟ್ಟಿಗೆಗಳೂ ಸಂದೇಶ ಕಳಿಸುತ್ತವೆ, ಬೇಕಾದವರು ಕೇಳಿಸಿಕೊಳ್ಳುತ್ತಾರೆ. ಗೇರು ಎಂಥದೆಂಬ ಸಂಗತಿ ಈಗ ಚಿಪ್ಪಿನಲ್ಲಲ್ಲ, ಸಂಕೇತದಲ್ಲಿ. ಫೋಕ್ಸ್‌ವ್ಯಾಗನ್ ಬಳಗದ ಆ ಕಾಲದ ಅನೇಕ ಕಾರುಗಳಲ್ಲಿ ಅದೊಂದು ಐದಂಕಿಯ ಸಂಖ್ಯೆ. ಸ್ಕ್ಯಾನರ್ ಜೋಡಿಸಿ ಸಂಖ್ಯೆಯನ್ನು ಒತ್ತಿದರೆ ಅದೇ ಪೆಟ್ಟಿಗೆ ಕ್ಲಚ್ ಕಾರಿಗೂ ಹೊಂದುತ್ತದೆ, ಆಟೋಮ್ಯಾಟಿಕ್‌ಗೂ ಹೊಂದುತ್ತದೆ. ಕೆಲಸ ನಿಮಿಷಗಳದು. ಸಂಖ್ಯೆ ಗೊತ್ತಿರಬೇಕು, ಅದನ್ನು ಬರೆಯುವ ಯಂತ್ರ ಕೈಯಲ್ಲಿರಬೇಕು. ಮುಂದೆ ಕಳ್ಳತನ ತಡೆಯಲೆಂದು ಕೀಲಿಕೈಯ ಗುರುತು, ಕಾರಿನ ಚಾಸಿ ನಂಬರು ಇವನ್ನೂ ಪೆಟ್ಟಿಗೆಗೆ ಕಟ್ಟಿಹಾಕಿದರು. ಅದನ್ನು ಬಿಚ್ಚಲು ಕಂಪನಿಯ ಗುಪ್ತಪದ ಬೇಕಾಯಿತು.

ಭಾರತಕ್ಕೆ ಇದೆಲ್ಲ ಬಂದದ್ದು ಹೊಗೆಯ ಹಾದಿಯಿಂದ. ದೆಹಲಿಯ ಗಾಳಿಯ ಬಗ್ಗೆ ಸುಪ್ರೀಂ ಕೋರ್ಟು 1999ರ ಏಪ್ರಿಲ್‌ನಲ್ಲಿ ಕೊಟ್ಟ ಆದೇಶ ರಾಜಧಾನಿ ಪ್ರದೇಶದ ಹೊಸ ಕಾರುಗಳಿಗೆ ಯೂರೊ ಮಟ್ಟವನ್ನು ಕಡ್ಡಾಯ ಮಾಡಿತು. ಕಾರ್ಬುರೇಟರಿನ ಕಾಲ ಮುಗಿಯುತ್ತ ಬಂತು. ಭಾರತ್ ಸ್ಟೇಜ್ ನಾಲ್ಕು ದೇಶದೆಲ್ಲೆಡೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ, ಆರು 2020ರ ಏಪ್ರಿಲ್‌ನಲ್ಲಿ. ಕಂಪ್ಯೂಟರಿಲ್ಲದೆ ಆ ಮಟ್ಟ ಮುಟ್ಟುವುದು ಆಗದ ಮಾತು. ಇನ್ನು ಕ್ಲಚ್ಚಿಲ್ಲದ ಕಾರು ಜನಸಾಮಾನ್ಯರ ಬೆಲೆಗೆ ಇಳಿದದ್ದು 2014ರ ಫೆಬ್ರುವರಿಯಲ್ಲಿ, ಮಾರುತಿಯ ಸೆಲೆರಿಯೊ ಬಂದಾಗ. ಅದರ ಉಪಾಯ ಸರಳ. ಗೇರ್‌ಬಾಕ್ಸ್ ಮಾಮೂಲಿನದೇ, ಎಂಜಿನ್ ಒಂದೇ. ಕ್ಲಚ್ ಒತ್ತುವ, ಗೇರು ಹಾಕುವ ಕೆಲಸವನ್ನು ಮಾತ್ರ ಕಂಪ್ಯೂಟರ್ ನಡೆಸುವ ಯಂತ್ರ ಮಾಡುತ್ತದೆ. ಆ ಕ್ಷಣದಲ್ಲಿ ಚಾಲಕನ ಕಾಲು ಎಕ್ಸಲರೇಟರನ್ನು ಎಷ್ಟೇ ಒತ್ತಿದ್ದರೂ ಎಂಜಿನ್ ಅದನ್ನು ಲೆಕ್ಕಿಸದೆ ಗೇರಿನ ಮಾತು ಕೇಳುತ್ತದೆ. ಒಂದೇ ಎಂಜಿನ್ನಿಗೆ ಎರಡು ಬಗೆಯ ಗೇರು ಎಂಬ ಅಮೆರಿಕದ ಹಳೆಯ ತೊಡಕು ಹೀಗೆ ಹಡಗಲಿ, ಕೊಟ್ಟೂರುಗಳ ರಸ್ತೆಗೂ ಬಂತು.

ಇದರಲ್ಲೊಂದು ವಿಪರ್ಯಾಸವಿದೆ. ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಆ ಬಳಗದ ತಂತ್ರಾಂಶದ ದೊಡ್ಡ ಕೇಂದ್ರವೊಂದು ಬೆಂಗಳೂರಿನ ಕೋರಮಂಗಲದಲ್ಲಿದೆ. ವಾಹನಗಳ ಕಂಪ್ಯೂಟರುಗಳಿಗೆ ಬೇಕಾದ ಸೂಚನೆಗಳನ್ನು ಬರೆಯುವ ಕೆಲಸ ಅಲ್ಲಿ ನಡೆಯುತ್ತದೆ. ಅದೇ ಊರಿನ ಆಡುಗೋಡಿಯಲ್ಲಿ ಮಾಡಿದ ಪಂಪನ್ನು ಕೂಡ್ಲಿಗಿಯ ಮೇಸ್ತ್ರಿ ಪಟ್ಟಿ ನೋಡಿ ಅರ್ಥ ಮಾಡಿಕೊಳ್ಳಬಹುದಿತ್ತು. ಈಗಿನ ಪೆಟ್ಟಿಗೆಯೊಳಗಿನ ಬರಹ ಚಿತ್ರದುರ್ಗದ ಮೇಲಿನ ಹೆದ್ದಾರಿಯಲ್ಲಿ ಅರ್ಧ ದಿನದ ದಾರಿಯಷ್ಟು ಹತ್ತಿರದಲ್ಲಿ ಹುಟ್ಟಿದ್ದರೂ ಅವನ ಪಾಲಿಗೆ ಬೀಗ ಹಾಕಿದ ಕೋಣೆ. ಕಾರನ್ನು ಹೊಸಪೇಟೆಗೋ ದಾವಣಗೆರೆಗೋ ಬಳ್ಳಾರಿಗೋ ಎಳೆಸಿಕೊಂಡು ಹೋಗಬೇಕು. ಬಾಡಿಗೆ ಕಾರು ಓಡಿಸುವವನಿಗೆ ಅಷ್ಟು ದಿನದ ದುಡಿಮೆ ಹೋದಂತೆ.

ಬೀಗದ ಪರವಾಗಿ ಹೇಳುವ ಮಾತು ಇಲ್ಲದಿಲ್ಲ. ಯಾರು ಬೇಕಾದರೂ ಒಳಹೊಕ್ಕು ತಿದ್ದಿದರೆ ಹೊಗೆ ಹೆಚ್ಚೀತು, ಕಳ್ಳನಿಗೆ ಸುಲಭವಾದೀತು. ಗೇರಿನಲ್ಲಿದ್ದಾಗಲೇ ಕಾರು ಸ್ಟಾರ್ಟಾಗಿ ಮುನ್ನುಗ್ಗಿದರೆ ಜೀವಕ್ಕೇ ಅಪಾಯ. ಆದರೆ ಬೀಗದ ಒಳಗಿರುವವರೆಲ್ಲ ಸಾಚಾಗಳೆಂದೇನಿಲ್ಲ. ಹೊಗೆಯ ಪರೀಕ್ಷೆ ನಡೆಯುವಾಗ ಮಾತ್ರ ಶುದ್ಧವಾಗಿ ಓಡುವಂತೆ ಡೀಸೆಲ್ ಕಾರುಗಳ ಕಂಪ್ಯೂಟರಿನಲ್ಲಿ ಬರೆದಿದ್ದುದು 2015ರಲ್ಲಿ ಬಯಲಾದಾಗ ಫೋಕ್ಸ್‌ವ್ಯಾಗನ್ ತಲೆತಗ್ಗಿಸಬೇಕಾಯಿತು.

ಗ್ರಾಹಕರೊಬ್ಬರ ದೂರಿನ ಮೇಲೆ ವಿಚಾರಣೆ ನಡೆಸಿದ ಭಾರತ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ವಿರುದ್ಧ ತೀರ್ಪು ಕೊಟ್ಟಿತು. ಬಿಡಿಭಾಗ, ದೋಷ ಪತ್ತೆಯ ಉಪಕರಣ, ದುರಸ್ತಿಯ ಮಾಹಿತಿ ಇವುಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪೆಂದು ಹೇಳಿ, ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ಇದೇ ಹಕ್ಕಿಗೆ ಮತ ಹಾಕಿದ್ದರು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಕೊನೆಗೆ ದುರಸ್ತಿಯ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆಯಿತು. ಕಾಗದದ ಮೇಲಿನ ಈ ಹಕ್ಕು ಹಗರಿಬೊಮ್ಮನಹಳ್ಳಿಯ ಗ್ಯಾರೇಜಿಗೆ ತಲುಪಲು ಇನ್ನೂ ದೂರ ಸಾಗಬೇಕು.

ಈ ನಡುವೆ ನಗರಗಳ ಎಲೆಕ್ಟ್ರಾನಿಕ್ಸ್ ದುರಸ್ತಿಯವರು ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಸತ್ತ ಪೆಟ್ಟಿಗೆಯ ಮುಚ್ಚಳ ಬಿಡಿಸಿ, ನೆನಪಿನ ಚಿಪ್ಪಿನಲ್ಲಿ ಉಳಿದಿರುವುದನ್ನೆಲ್ಲ ಓದಿ, ಗುಜರಿಯಿಂದ ತಂದ ಅದೇ ಮಾದರಿಯ ಪೆಟ್ಟಿಗೆಗೆ ಯಥಾವತ್ತು ಬರೆಯುವುದು. ಇದಕ್ಕೆ ಅವರು ‘ಕ್ಲೋನ್’ ಎನ್ನುತ್ತಾರೆ. ಆಗ ಗೇರಿನ ಸಂಕೇತ, ಕೀಲಿಕೈಯ ಗುರುತು, ಚಾಸಿ ನಂಬರು ಎಲ್ಲವೂ ಹಳೆಯ ಕಾರಿನವೇ ಆಗಿ ಬರುತ್ತವೆ. ಬದಲಿ ಪೆಟ್ಟಿಗೆ ಎಂಥ ಗೇರಿನ ಕಾರಿನಿಂದ ಬಂದಿತ್ತೆಂಬ ತಕರಾರು ಬಹುಮಟ್ಟಿಗೆ ತೀರುತ್ತದೆ. ಪೆಟ್ಟಿಗೆಯ ಒಳಗಿನ ಸರ್ಕ್ಯೂಟು ಎರಡು ಬಗೆಯ ಗೇರಿಗೂ ಒಂದೇ ಆಗಿರಬೇಕು, ಅಷ್ಟೆ. ಜನರಲ್ ಮೋಟಾರ್ಸಿನ ಮೆಕ್ಯಾನಿಕ್ ಬೆರಳಿನಿಂದ ಎತ್ತಿಡುತ್ತಿದ್ದ ಪ್ರಾಮ್ ಚಿಪ್ಪಿನ ಉಪಾಯವೇ ಇದು, ಈಗ ತಂತಿಯ ಮೂಲಕ. ಚಾಲಕರು ಒಂದು ಮಾತು ನೆನಪಿಡಬೇಕು: ಕೆಟ್ಟ ಪೆಟ್ಟಿಗೆಯನ್ನು ಕಸವೆಂದು ಗುಜರಿಗೆ ಹಾಕಬಾರದು. ನೀರು ನುಗ್ಗಿ ಆ ನೆನಪಿನ ಚಿಪ್ಪೇ ಕೊಳೆತಿದ್ದರೆ ಮಾತ್ರ ಕ್ಲೋನ್ ಮಾಡುವವರೂ ಕೈಚೆಲ್ಲುತ್ತಾರೆ. ಆಗ ಚಾಸಿ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಕಂಪನಿಯ ವರ್ಕ್‌ಶಾಪಿನ ಬಾಗಿಲಿಗೇ ಹೋಗಬೇಕು.