ಅಂಜಿಕೊಂಡವರ ಚರಿತ್ರೆ

ತೆಲಸಂಗದ ಕಡೆಯ ಆಡುನುಡಿಯಲ್ಲಿ ಎರಡು ಮಾತುಗಳುಂಟು. ಸ್ವಭಾವತಃ ಧೈರ್ಯವಿಲ್ಲದವನು ಅಂಜುಬುರುಕ. ಏನನ್ನೋ ಕಂಡು ನಿದ್ದೆಗೆಟ್ಟು, ಸಣ್ಣ ಸಪ್ಪಳಕ್ಕೂ ಬೆಚ್ಚಿಬೀಳುವವನನ್ನು ಕುರಿತಾದರೆ ‘ಅಂಜಿಕೊಂಡಾನ’ ಎನ್ನುತ್ತಾರೆ. ಮೊದಲನೆಯದು ಆಳಿನ ಗುಣ. ಎರಡನೆಯದು ಅವನಿಗೆ ಬಿದ್ದ ಪೆಟ್ಟು. ಈ ಭೇದವನ್ನು ಅರಿಯಲು ವೈದ್ಯಶಾಸ್ತ್ರಕ್ಕೆ ಬಹುಕಾಲ ಬೇಕಾಯಿತು.

ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಮಾತು ಕಳೆದುಕೊಂಡು ನಡುಗುತ್ತಿದ್ದ ಸೈನಿಕರನ್ನು ಕಂಡ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಷೆಲ್ ಷಾಕ್’ ಎಂಬ ಹೆಸರನ್ನು ಬಳಸಿದರು. ಸೇನಾಧಿಕಾರಿಗಳಲ್ಲಿ ಅನೇಕರಿಗೆ ಅದು ಹೇಡಿತನವಾಗಿಯೇ ತೋರಿತು. ಪಲಾಯನ, ಹೇಡಿತನ ಮುಂತಾದ ಆರೋಪಗಳ ಮೇಲೆ ಗುಂಡಿಗೆ ಈಡಾದ 306 ಮಂದಿ ಸೈನಿಕರಿಗೆ ಬ್ರಿಟನ್ ಕ್ಷಮೆಯಿತ್ತದ್ದು 2006ರಲ್ಲಿ. ವಿಯೆಟ್ನಾಮಿನಿಂದ ಮರಳಿದವರ ಅಳಲಿನ ತರುವಾಯ, 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಈ ವ್ಯಾಧಿಯನ್ನು ಆಘಾತೋತ್ತರ ಒತ್ತಡವೆಂದು ಗುರುತಿಸಿತು.

ಮರುವರ್ಷವೇ, 1981ರ ಫೆಬ್ರವರಿ 7ರಂದು, ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿಯಿತು. ಸತ್ತವರು 92 ಮಂದಿ, ಹೆಚ್ಚಿನವರು ಮಕ್ಕಳು. ಅವರ ಬಂಧುಗಳ ಶೋಕವನ್ನು ನಿಮ್ಹಾನ್ಸಿನ ತಜ್ಞರು ಅಭ್ಯಾಸ ಮಾಡಿದರು. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ಹರಡಿದ ಬಳಿಕ ಅದೇ ಸಂಸ್ಥೆಯ ಶ್ರೀನಿವಾಸಮೂರ್ತಿ ಮೊದಲಾದವರು ಅಲ್ಲಿನ ಸಾಮಾನ್ಯ ವೈದ್ಯರಿಗೇ ಮನಸ್ಸಿನ ಚಿಕಿತ್ಸೆಯ ಪಾಠ ಹೇಳಿದರು. ಬಳ್ಳಾರಿ ಜಿಲ್ಲೆಯಲ್ಲಿಯೂ ಅದೇ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಇಂಥ ಪ್ರಯೋಗ ನಡೆದು, 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನನ್ನ ದೃಷ್ಟಿಯಲ್ಲಿ ಇದು ಹೊಸ ಹೆಸರಿಗಿಂತ ದೊಡ್ಡ ಸಂಗತಿ.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ತಾಲೂಕುಗಳ ಊರುಗಳನ್ನು ಮುಳುಗಿಸಿದಳು. ಬಿದ್ದ ಗೋಡೆಗಳನ್ನು ಎಣಿಸುವುದು ಸುಲಭ. ಮುಂದಿನ ವರ್ಷ ಮಳೆ ಹನಿಯುತ್ತಲೇ ಎದೆ ಹೊಡೆದುಕೊಳ್ಳುವ ಮುದುಕಿಯನ್ನು ಯಾವ ಪಂಚನಾಮೆಯಲ್ಲಿ ಬರೆಯಬೇಕು?

ಬಹುಮಂದಿ ತಮ್ಮವರ ಆಸರೆಯಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಕಂಡದ್ದು ಕಣ್ಣೆದುರು ಮತ್ತೆಮತ್ತೆ ಬರುವುದು, ದುಃಸ್ವಪ್ನ, ಆ ಜಾಗವನ್ನೇ ತಪ್ಪಿಸಿ ನಡೆಯುವುದು, ಇವು ತಿಂಗಳು ಮೀರಿ ಬದುಕನ್ನು ಕೆಡಿಸಿದಾಗ ಅದು ವ್ಯಾಧಿ. ದುರಂತದ ಮರುದಿನವೇ ಬಲವಂತದಿಂದ ಬಾಯಿ ಬಿಡಿಸುವುದರಿಂದ ಲಾಭವಿಲ್ಲವೆಂದು ಸಂಶೋಧನೆಗಳು ತಿಳಿಸಿವೆ. ಆಗ ಬೇಕಾದುದು ಅನ್ನ, ಸೂರು, ತನ್ನವರ ಸುದ್ದಿ. ವ್ಯಾಧಿ ನೆಲೆಯೂರಿದ್ದರೆ, ಬಲ್ಲವರ ಎದುರು ವಾರಗಟ್ಟಲೆ, ಮೆಲ್ಲಮೆಲ್ಲನೆ ಆ ನೆನಪನ್ನು ಎದುರಿಸುವುದೇ ಉತ್ತಮ ಚಿಕಿತ್ಸೆ. ಕೆಲವರಿಗೆ ಔಷಧಿಯೂ ಸಹಾಯಕ. ತಾಯತ ಕಟ್ಟುವವರನ್ನು ನಾನು ಹಳಿಯಲಾರೆ. ಅವರು ರೋಗಿಯನ್ನು ಹೇಡಿಯೆಂದು ಜರೆದಿಲ್ಲ. ಆದರೆ ತಾಯತದ ಮೇಲೆಯೂ ನಿದ್ದೆ ಬಾರದಿದ್ದರೆ ದವಾಖಾನೆಯ ಹಾದಿ ಹಿಡಿಯಬೇಕು. 2022ರಿಂದ 14416 ಎಂಬ ಟೆಲಿ-ಮಾನಸ್ ದೂರವಾಣಿ ಉಚಿತವಾಗಿದೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.