ಗೋಡೆಯ ಮೇಲಿನ ಗುಂಬಜ್

ಶಿವಾಜಿನಗರದ ಹಳೆಯ ಮನೆಗಳಲ್ಲಿ ಮಕ್ಕಾ, ಮದೀನಾದ ಚಿತ್ರವಿಲ್ಲದ ಹಜಾರ ಅಪರೂಪ. ಈಗ ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಕೆಲವು ಮನೆಗಳಲ್ಲಿ ಅದರ ಪಕ್ಕದಲ್ಲೇ ಶ್ರೀರಂಗಪಟ್ಟಣದ ಗುಂಬಜ್, ಬೆಂಗಳೂರಿನ ಟಿಪ್ಪು ಅರಮನೆ ಮುಂತಾದವುಗಳ ಹಳೆಯ ಮುದ್ರಿತ ಚಿತ್ರಗಳನ್ನೂ ಕಾಣುತ್ತೇವೆ. ನೋಡಲು ಚೆಂದ. ಆದರೆ ಅವನ್ನು ಬರೆದವರು ಯಾರೆಂದು ನಾವು ಕೇಳುವುದು ಕಡಿಮೆ.

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿಯಿತು. ಆ ಸೈನ್ಯದ ಜೊತೆಗೇ ಚಿತ್ರಕಾರರೂ ಬಂದಿದ್ದರು. ರಾಬರ್ಟ್ ಹೋಮ್ ಬರೆದ ಮೈಸೂರು ರಾಜ್ಯದ ದೃಶ್ಯಗಳು 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಟಿಪ್ಪು ಸುಲ್ತಾನರ ಇಬ್ಬರು ಪುತ್ರರನ್ನು ಒತ್ತೆಯಾಗಿ ಒಪ್ಪಿಸಿದ ದೃಶ್ಯವನ್ನೂ ಇದೇ ಹೋಮ್ ಚಿತ್ರಿಸಿದ. ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ಬರೆದ ಚಿತ್ರಗಳು ಅವನು ತೀರಿಹೋದ ಮೇಲೆ ಪ್ರಕಟವಾದವು. ಅವುಗಳಲ್ಲಿ ಟಿಪ್ಪು ಅರಮನೆ, ಕೋಟೆಯ ದೆಹಲಿ ಬಾಗಿಲು ಮತ್ತು ಬೆಂಗಳೂರಿನ ಮಸೀದಿಯೊಂದು ಇವೆ. ತಾಮ್ರದ ಫಲಕದಲ್ಲಿ ಕೊರೆದು, ಕಾಗದಕ್ಕೆ ಒತ್ತಿ, ಕೈಯಿಂದ ಬಣ್ಣ ತುಂಬಿ ಇವನ್ನು ಮಾರುತ್ತಿದ್ದರು. ಕೊಳ್ಳುತ್ತಿದ್ದವರು ಗೆದ್ದ ದೇಶವನ್ನು ಮನೆಯಲ್ಲಿ ಕುಳಿತೇ ನೋಡಬಯಸಿದ ಇಂಗ್ಲಿಷರು.

1799ರಲ್ಲಿ ಟಿಪ್ಪು ಶಹೀದರಾದರು. ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷ್ ಪಡೆ ಅಲ್ಲಿನ ಜ್ವರಕ್ಕೆ ಬೆದರಿತು. 1809ರಲ್ಲಿ ಹಲಸೂರಿನ ಬಳಿ ದಂಡು ಪ್ರದೇಶ ಹುಟ್ಟಿತು. ನಮ್ಮ ಹಿರಿಯರಲ್ಲಿ ಅನೇಕರು ವ್ಯಾಪಾರಕ್ಕೂ ಕಸುಬಿಗೂ ಬಂದು ನೆಲೆಸಿದ್ದು ಆ ದಂಡಿನ ನೆರಳಲ್ಲೇ. ಗೆದ್ದವರು ಬರೆದ ಚಿತ್ರ, ಗೆದ್ದವರು ಕಟ್ಟಿದ ಊರಿನಲ್ಲಿ, ಸೋತವರ ಮನೆಯ ಗೋಡೆ ಸೇರಿದೆ.

ಹಾಗೆಂದು ಅವನ್ನು ಕಿತ್ತೆಸೆಯಬೇಕಿಲ್ಲ. ಉಳಿಯದೇ ಹೋದದ್ದಕ್ಕೆ ಅವೇ ಸಾಕ್ಷಿ. ಹೈದರಲಿಯವರ ಗುಂಬಜ್ ಇಂದಿಗೂ ನಿಂತಿದೆ. ಅದರ ಬಳಿಯಿದ್ದ ಲಾಲ್‌ಬಾಗ್ ಅರಮನೆ ಇಲ್ಲ. ಅದನ್ನು ಕಳಚಿ, ಮರಮುಟ್ಟನ್ನು ಊಟಿಗೆ ಸಾಗಿಸಿ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಬಳಸಿದರು. ಬೆಂಗಳೂರು ಕೋಟೆಯಲ್ಲೂ ದೆಹಲಿ ಬಾಗಿಲಿನ ಸುತ್ತಲಿನ ಭಾಗವಷ್ಟೇ ಉಳಿದಿದೆ. ಮಕ್ಕಾದ ಹಳೆಯ ಚಿತ್ರಗಳೂ ಹೀಗೆಯೇ. ಕಅಬಾದ ಸುತ್ತ ನಾಲ್ಕು ಮದ್‌ಹಬ್‌ಗಳ ಇಮಾಮರಿಗಿದ್ದ ಮಂಟಪಗಳು ಅವುಗಳಲ್ಲಿವೆ; ಇಂದಿನ ಹಾಜಿಗಳಿಗೆ ಅವು ಕಾಣಸಿಗವು.

ಮನೆಯ ಅಲಂಕಾರಕ್ಕೆ ದೀನಿನ ಎಲ್ಲೆಯೂ ಇದೆ. ಚಿತ್ರಗಳಿದ್ದ ಪರದೆಯನ್ನು ಪ್ರವಾದಿಯವರು(ಸ) ತೆಗೆಸಿದ್ದು, ಹಝ್ರತ್ ಆಯಿಷಾ(ರ) ಅದನ್ನು ಕತ್ತರಿಸಿ ದಿಂಬು ಮಾಡಿದ್ದು ಹದೀಸಿನಲ್ಲಿ ಬಂದಿದೆ. ಚಿತ್ರ ಬರೆದೇ ಬದುಕುತ್ತಿದ್ದ ಒಬ್ಬನಿಗೆ ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆಯಲು ಇಬ್ನು ಅಬ್ಬಾಸ್(ರ) ಹೇಳಿದರು. ಆದ್ದರಿಂದ ಕಟ್ಟಡದ ಚಿತ್ರಕ್ಕೆ ಅಡ್ಡಿಯಿಲ್ಲ. ಆದರೆ ಈ ಹಳೆಯ ಚಿತ್ರಗಳಲ್ಲಿ ಅನೇಕ ಕಡೆ ಮನುಷ್ಯರು, ಆನೆ, ಕುದುರೆಗಳೂ ಇರುತ್ತವೆ. ಕೊಳ್ಳುವ ಮುನ್ನ ನೋಡಿ, ಸಂದೇಹವಿದ್ದರೆ ನಿಮ್ಮ ಇಮಾಮರನ್ನು ಕೇಳಿ. ನಮಾಝಿನಲ್ಲಿ ಕಣ್ಣು ಸೆಳೆಯುವಂತೆ ಕಿಬ್ಲಾದ ಗೋಡೆಗೆ ಯಾವುದನ್ನೂ ತೂಗುಹಾಕಬೇಡಿ. ದುಬಾರಿ ಮೂಲಪ್ರತಿ ಇದೆಯೆಂದು ಬೀಗುವುದು ಇಸ್ರಾಫ್ ಮತ್ತು ರಿಯಾ ಎರಡಕ್ಕೂ ದಾರಿ. ಒಳ್ಳೆಯ ನಕಲು ಸಾಕು.

ಒಂದು ಮಾತು ಮುಖ್ಯ. ಚಿತ್ರ ಹಾಕಿದ ಮೇಲೆ ಅದರ ಕಥೆಯನ್ನು ಮಕ್ಕಳಿಗೆ ಹೇಳೋಣ. ಒಂದು ದಿನ ಅವರನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದು, 1787ರಲ್ಲಿ ಟಿಪ್ಪು ಕಟ್ಟಿಸಿದ ಮಸ್ಜಿದೆ ಆಲಾ ತೋರಿಸೋಣ. ಗೋಡೆಯಲ್ಲಿ ಮಸೀದಿಯ ಚಿತ್ರವಿದ್ದು, ಬೀದಿಯ ಮಸೀದಿಯಲ್ಲಿ ಫಜರ್‌ನ ಸಫ್ ಬರಿದಾಗಿದ್ದರೆ ಆ ಅಲಂಕಾರದಿಂದ ಫಲವೇನು? ಅಲ್ಲಾಹನು ನಮ್ಮ ಮನೆಗಳನ್ನು ಝಿಕ್ರ್‌ನಿಂದಲೂ ಮಸೀದಿಗಳನ್ನು ಜಮಾಅತ್‌ನಿಂದಲೂ ಬೆಳಗಿಸಲಿ. ಆಮೀನ್.