ಎರಡನೆಯವನ ಕೀರ್ತಿ

ಚಿತ್ರದುರ್ಗದ ಕೋಟೆಯನ್ನು ನೋಡಬಂದವರು ಬಾಗಿಲ ಮೇಲೆ ಬಾಗಿಲು ದಾಟಿ ಮೇಲೇರಿದರೆ ಅಲ್ಲಿ ಹಿಡಿಂಬೇಶ್ವರನ ಗುಡಿಯನ್ನು ಕಾಣುತ್ತಾರೆ. ಅರಗಿನ ಮನೆಯಿಂದ ಪಾರಾಗಿ ಪಾಂಡವರು ಕಾಡು ಅಲೆಯುತ್ತಿದ್ದಾಗ ಭೀಮಸೇನನು ಹಿಡಿಂಬಾಸುರನನ್ನು ಕೊಂದದ್ದು ಈ ಬೆಟ್ಟದ ಮೇಲೆಯೇ ಎಂಬುದು ಇಲ್ಲಿಯ ಐತಿಹ್ಯ. ಆ ರಾಕ್ಷಸನ ಹಲ್ಲೆಂದು ಹೇಳಿ ಒಂದು ಮೂಳೆಯನ್ನೂ ತೋರಿಸುತ್ತಾರೆ. ಕಾಳಗದಲ್ಲಿ ಗೆದ್ದವನು ಭೀಮ. ಗುಡಿಗೆ ನಿಂತಿರುವ ಹೆಸರು ಮಾತ್ರ ಸೋತವನದು. ೧೭೭೯ರಲ್ಲಿ ಹೈದರಾಲಿಗೆ ಸೋತು ರಾಜ್ಯ ಕಳೆದುಕೊಂಡ ಮದಕರಿ ನಾಯಕನೇ ಇಂದಿಗೂ ಈ ಸೀಮೆಯ ಜನರ ಎದೆಯಲ್ಲಿ ಅರಸು. ತ.ರಾ.ಸು. ಅವರು ತಮ್ಮ ಕೊನೆಯ ಹಿರಿಯ ಕಾದಂಬರಿಗೆ ಆರಿಸಿಕೊಂಡದ್ದು ದುರ್ಗದ ಉದಯವನ್ನಲ್ಲ, ಅದರ ಅಸ್ತಮಾನವನ್ನು. ಸೋಲನ್ನು ಇಷ್ಟು ಆದರದಿಂದ ಇರಿಸಿಕೊಂಡ ಊರಿನಲ್ಲಿ ನಿಂತು, ದೂರದ ಫ್ರಾನ್ಸಿನ ಸೈಕಲ್ ಪಂದ್ಯವೊಂದರ ಚರಿತ್ರೆಯನ್ನು ಹೇಳಿದರೆ ಅದು ಕೇಳುವವರಿಗೆ ಅಷ್ಟೇನೂ ಪರಕೀಯವೆನಿಸಲಾರದೆಂದು ನನ್ನ ನಂಬಿಕೆ.

ಮೊದಲು ಆ ಪಂದ್ಯದ ಅಳತೆಯನ್ನು ನಮ್ಮ ನೆಲದ ಮೇಲೆಯೇ ಹಾಸಿ ನೋಡೋಣ. ಚಿತ್ರದುರ್ಗದಿಂದ ಹೊರಟು ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ, ಮುಂದೆ ವಾಣಿವಿಲಾಸ ಸಾಗರದ ನೀರು ಕುಡಿಯುವ ಹಿರಿಯೂರು, ಅಲ್ಲಿಂದ ಹೆದ್ದಾರಿ ಹಿಡಿದು ಮರಳಿ ದುರ್ಗ: ಈ ಸುತ್ತು ಹೆಚ್ಚುಕಡಿಮೆ ೧೬೦ ಕಿಲೋಮೀಟರ್ ಆದೀತು. ಟೂರ್ ಡಿ ಫ್ರಾನ್ಸ್ ಎಂಬ ಆ ಮಹಾಪಂದ್ಯದಲ್ಲಿ ಒಂದು ದಿನದ ಹಾದಿ ಸಾಮಾನ್ಯವಾಗಿ ಇಷ್ಟಿರುತ್ತದೆ. ಸಪಾಟು ನೆಲವಾದರೆ ಸವಾರರು ಅದನ್ನು ನಾಲ್ಕು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಾರೆ. ಮರುದಿನ ಬೆಳಗ್ಗೆ ಮತ್ತೆ ಹೊರಡುತ್ತಾರೆ. ಈಗಿನ ಕ್ರಮದಲ್ಲಿ ೨೧ ದಿನದ ಓಟ, ನಡುವೆ ಎರಡೇ ದಿನ ವಿಶ್ರಾಂತಿ. ಒಟ್ಟು ದಾರಿ ೩,೪೦೦ ಕಿಲೋಮೀಟರಿನ ಸಮೀಪ. ಆಲ್ಪ್ಸ್ ಮತ್ತು ಪಿರೆನೀಸ್ ಪರ್ವತಗಳನ್ನು ಹತ್ತಿ ಇಳಿಯಬೇಕು. ದಿನದಿನದ ಸಮಯವನ್ನು ಕೂಡಿಸುತ್ತ ಹೋಗಿ, ಮೊತ್ತ ಯಾರದು ಕಡಿಮೆಯೋ ಅವನೇ ವಿಜೇತ. ಅಂದಂದಿಗೆ ಮುಂದಿರುವವನು ಹಳದಿ ಅಂಗಿಯನ್ನು ತೊಡುತ್ತಾನೆ.

ಈ ಪಂದ್ಯ ಹುಟ್ಟಿದ್ದೂ ಒಂದು ಹಗೆತನದಿಂದಲೇ. ಅದು ಸವಾರರ ಹಗೆತನವಲ್ಲ, ಎರಡು ಪತ್ರಿಕೆಗಳದು. ಡ್ರೇಫಸ್ ಮೊಕದ್ದಮೆಯ ವಿಷಯದಲ್ಲಿ ಫ್ರಾನ್ಸ್ ಇಬ್ಭಾಗವಾಗಿದ್ದ ಕಾಲದಲ್ಲಿ 'ಲ ವೆಲೊ' ಎಂಬ ಕ್ರೀಡಾಪತ್ರಿಕೆಯ ನಿಲುವು ಸೇರದ ಕೆಲವು ಸಿರಿವಂತರು 'ಲೋತೊ' ಎಂಬ ಇನ್ನೊಂದು ಪತ್ರಿಕೆಯನ್ನು ಹೊರಡಿಸಿದರು. ಅದರ ಪ್ರಸಾರ ಏರದಿದ್ದಾಗ ಸಂಪಾದಕ ಆಂರಿ ದೆಗ್ರಾಂಜ್ ೧೯೦೩ರ ಜುಲೈನಲ್ಲಿ ದೇಶವನ್ನು ಸುತ್ತುವ ಈ ಓಟವನ್ನು ಏರ್ಪಡಿಸಿದ. ಆರು ಹಂತ, ೨,೪೨೮ ಕಿಲೋಮೀಟರ್. ಹೊರಟವರು ೬೦ ಮಂದಿ, ತಲುಪಿದವರು ೨೧. ಗೆದ್ದ ಮೋರಿಸ್ ಗಾರಾಂ ಹಿಂದೊಮ್ಮೆ ಹೊಗೆಗೂಡು ಗುಡಿಸುತ್ತಿದ್ದವನು. 'ಲೋತೊ' ಅಚ್ಚಾಗುತ್ತಿದ್ದ ಕಾಗದದ ಬಣ್ಣ ಹಳದಿ. ೧೯೧೯ರಲ್ಲಿ ಮುಂದಾಳಿನ ಅಂಗಿಗೆ ಬಂದದ್ದು ಅದೇ ಬಣ್ಣ. ಪತ್ರಿಕೆಯನ್ನು ಓದುವ ನಮಗೆ ಈ ಮೂಲಕಥೆ ಸೊಗಸೆನಿಸಬೇಕು: ಮಾರಾಟವಾಗದ ಒಂದು ಪತ್ರಿಕೆ ಒಂದು ಜನಾಂಗದ ಹಬ್ಬವನ್ನೇ ಸೃಷ್ಟಿಸಿತು.

ಪಂದ್ಯ ನಡೆಯುವುದು ಜುಲೈಯಲ್ಲಿ, ಎಂದರೆ ನಮ್ಮ ಆಷಾಢದಲ್ಲಿ. ಆಷಾಢದ ಗಾಳಿಗೆ ಎದೆಯೊಡ್ಡಿ ಸೈಕಲ್ ತುಳಿದವರಿಗೆ ಈ ಆಟದ ಮರ್ಮವನ್ನು ವಿವರಿಸಬೇಕಾಗಿಲ್ಲ. ದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಗಾಳಿಯನ್ನು ಸೀಳುವವನಿಗೆ ಶ್ರಮ ಹೆಚ್ಚು. ಅವನ ಬೆನ್ನಿಗೆ ಅಂಟಿಕೊಂಡು ಬರುವವನಿಗೆ ಮೂರರಲ್ಲಿ ಒಂದು ಪಾಲಿನಷ್ಟು ಶ್ರಮ ಉಳಿದೀತು. ಆದ್ದರಿಂದಲೇ ಒಬ್ಬ ನಾಯಕನ ಸುತ್ತ ಒಂದು ತಂಡ. 'ದೊಮೆಸ್ತಿಕ್', ಎಂದರೆ ಮನೆಯಾಳು, ಎಂದು ಕರೆಸಿಕೊಳ್ಳುವ ಸವಾರರು ಅವನಿಗಾಗಿ ಗಾಳಿಯನ್ನು ಒಡೆಯುತ್ತಾರೆ, ನೀರಿನ ಸೀಸೆಗಳನ್ನು ಹೊತ್ತು ತರುತ್ತಾರೆ, ಬೇಕಾದರೆ ತಮ್ಮ ಚಕ್ರವನ್ನೇ ಬಿಚ್ಚಿಕೊಡುತ್ತಾರೆ. ಪರ್ವತದ ಏರಿನಲ್ಲಿ ಮಾತ್ರ ವೇಗ ಕುಗ್ಗಿ ಗಾಳಿಯ ಲೆಕ್ಕ ಕಡಿಮೆಯಾಗುತ್ತದೆ. ಆಗ ಆಳುಗಳು ಒಬ್ಬೊಬ್ಬರಾಗಿ ಹಿಂದುಳಿದು, ಕೊನೆಗೆ ಇಬ್ಬರೇ ಎದುರುಬದುರಾಗುತ್ತಾರೆ.

ಇಬ್ಬರಿರಬೇಕು ಎಂಬುದೇ ಇಲ್ಲಿ ಮುಖ್ಯವಾದ ಮಾತು. ನಮ್ಮ ಊರುಗಳ ಶಾಲಾ ಮೈದಾನಗಳಲ್ಲಿ ಹಿಂದೆ ಏಳು ದಿನ ಕೆಳಗಿಳಿಯದೆ ಸೈಕಲ್ ತುಳಿಯುವ ಸಾಹಸಿಗಳು ಬರುತ್ತಿದ್ದರು. ಊಟ, ಸ್ನಾನ, ತೂಕಡಿಕೆ ಎಲ್ಲವೂ ಸೈಕಲಿನ ಮೇಲೆಯೇ. ಜನ ಮರುಗಿ ಅವರ ಅಂಗಿಗೆ ನೋಟು ಸಿಕ್ಕಿಸುತ್ತಿದ್ದರು. ಅವರ ಸಹನೆ ಯಾವ ಯೂರೋಪಿನ ಸವಾರನಿಗೂ ಕಡಿಮೆಯದಾಗಿರಲಿಲ್ಲ. ಆದರೂ ಎಂಟನೆಯ ದಿನ ಗುಂಡಿ ತೋಡಿದ ಕಂಬ, ಧ್ವನಿವರ್ಧಕ ಎಲ್ಲ ಗಂಟುಕಟ್ಟಿ ಅವರು ಮುಂದಿನ ಊರಿಗೆ ಹೊರಟರೆ, ನಾವು ಅವರ ಹೆಸರನ್ನೂ ಮರೆಯುತ್ತಿದ್ದೆವು. ಎದುರಾಳಿಯಿಲ್ಲದ ಸಾಹಸ ಒಂದೇ ವೃತ್ತವನ್ನು ಸುತ್ತುತ್ತಿರುತ್ತದೆ. ಎದುರಾಳಿ ಬಂದೊಡನೆ ಅದು ಕಥೆಯಾಗುತ್ತದೆ.

ಇಟಲಿಯ ಜೀನೊ ಬಾರ್ತಾಲಿ ಮತ್ತು ಫೌಸ್ತೊ ಕೊಪ್ಪಿ ಇಂಥ ಕಥೆಯಾದವರು. ಬಾರ್ತಾಲಿ ೧೯೩೮ ಮತ್ತು ೧೯೪೮ರಲ್ಲಿ ಟೂರ್ ಗೆದ್ದವನು. ಐದು ವರ್ಷ ಕಿರಿಯನಾದ ಕೊಪ್ಪಿ ೧೯೪೯ ಮತ್ತು ೧೯೫೨ರಲ್ಲಿ. ಸವಾರನ ಸಿದ್ಧತೆಗೆ ಆಹಾರಕ್ರಮ, ಅಭ್ಯಾಸದ ಲೆಕ್ಕ, ವಿಶ್ರಾಂತಿಯ ಶಿಸ್ತುಗಳನ್ನು ತಂದವರಲ್ಲಿ ಕೊಪ್ಪಿ ಮೊದಲಿಗ. ಇದರ ಗುಟ್ಟನ್ನು ಹಿಡಿಯಲು ಬಾರ್ತಾಲಿ ಪಟ್ಟ ಪಾಡು ನಗೆ ಬರಿಸುವಂಥದು. ೧೯೪೬ರಲ್ಲಿ ಕೊಪ್ಪಿ ದಾರಿಬದಿಗೆ ಎಸೆದ ಒಂದು ಸೀಸೆಯನ್ನು ಆತ ಪಂದ್ಯ ಮುಗಿದ ಮೇಲೆ ಹಿಂದಿರುಗಿ ಹೋಗಿ ಹುಡುಕಿ ತಂದು, ಒಳಗಿನದು ಏನೆಂದು ವೈದ್ಯರಿಂದ ಪರೀಕ್ಷೆ ಮಾಡಿಸಿದ. ಅದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಶಕ್ತಿವರ್ಧಕ!

ಇದೇ ಬಾರ್ತಾಲಿ ಯುದ್ಧದ ವರ್ಷಗಳಲ್ಲಿ ಮಾಡಿದ 'ಅಭ್ಯಾಸ' ಬೇರೆಯೇ ಬಗೆಯದು. ಪಂದ್ಯಗಳಿಲ್ಲದ ಆ ದಿನಗಳಲ್ಲೂ ಅಭ್ಯಾಸದ ನೆಪ ಹೇಳಿ ಆತ ನೂರಾರು ಮೈಲಿ ತುಳಿಯುತ್ತಿದ್ದ. ಸೈಕಲಿನ ಕೊಳವೆಗಳೊಳಗೆ ಸುರುಳಿ ಸುತ್ತಿಟ್ಟಿದ್ದುದು ಯೆಹೂದ್ಯರನ್ನು ಪಾರುಗಾಣಿಸುವ ಸುಳ್ಳು ಗುರುತಿನ ಚೀಟಿಗಳು. ಆತ ಬದುಕಿರುವಷ್ಟು ದಿನ ಇದನ್ನು ಹೇಳಿ ಮೆರೆಯಲಿಲ್ಲ. ಸತ್ತು ೧೩ ವರ್ಷಗಳ ಮೇಲೆ, ೨೦೧೩ರಲ್ಲಿ, ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವನನ್ನು ಗೌರವಿಸಿತು. ಕೊಪ್ಪಿಯಾದರೋ ಆಫ್ರಿಕಾ ಪ್ರವಾಸದಲ್ಲಿ ಹತ್ತಿದ ಮಲೇರಿಯಾದಿಂದ ೧೯೬೦ರ ಜನವರಿಯಲ್ಲಿ, ನಲವತ್ತರ ಪ್ರಾಯದಲ್ಲೇ, ತೀರಿಕೊಂಡ.

ನಾನು ವಿಸ್ತರಿಸಿ ಹೇಳಬೇಕೆಂದಿರುವುದು ೧೯೬೪ರ ಟೂರಿನ ಕಥೆ. ಒಂದು ಕಡೆ ನಾರ್ಮಂಡಿಯ ಜಾಕ್ ಆಂಕೆತಿಲ್: ಆಗಲೇ ನಾಲ್ಕು ಸಲ ಗೆದ್ದವನು, ಅದೇ ವರ್ಷ ಇಟಲಿಯ ಮಹಾಪಂದ್ಯವನ್ನೂ ಗೆದ್ದು ಬಂದವನು. ಗಡಿಯಾರದ ಎದುರು ಒಂಟಿಯಾಗಿ ತುಳಿಯುವ ಓಟದಲ್ಲಿ ಅವನಿಗೆ ಸಾಟಿಯಿಲ್ಲ. ಇನ್ನೊಂದು ಕಡೆ ಲಿಮೂಸಾಂ ಪ್ರಾಂತದ ರೇಮೋಂ ಪುಲಿದೋರ್: ಗೇಣಿ ರೈತರ ಮಗ, ಬೆಟ್ಟ ಹತ್ತುವುದರಲ್ಲಿ ಗಟ್ಟಿಗ. ಆಂಕೆತಿಲ್ ಲೆಕ್ಕ ತಪ್ಪದವನು. ಪುಲಿದೋರ್ ಅಕ್ಷರಶಃ ಲೆಕ್ಕ ತಪ್ಪಿದವನು. ಮೊನಾಕೊದಲ್ಲಿ ಆ ದಿನದ ಓಟ ಮುಗಿಯುವಾಗ ಕೊನೆಯ ಸುತ್ತು ಇನ್ನೂ ಬಾಕಿಯಿರುವುದನ್ನು ಮರೆತು ಆತ ಮೊದಲೇ ಮುನ್ನುಗ್ಗಿ ದಣಿದ. ನಿಜವಾದ ಕೊನೆಯ ಸುತ್ತಿನಲ್ಲಿ ಗೆದ್ದವನು ಆಂಕೆತಿಲ್. ಗೆಲುವಿಗೆ ಇನಾಮಾಗಿ ಒಂದು ನಿಮಿಷ ಅವನ ಲೆಕ್ಕಕ್ಕೆ ಸೇರಿತು. ಈ ಒಂದು ನಿಮಿಷವನ್ನು ನೆನಪಿನಲ್ಲಿಡಬೇಕು.

ಆಂಕೆತಿಲನಿಗೂ ಕಷ್ಟ ತಪ್ಪಲಿಲ್ಲ. ಅವನಿಗೆ ಈ ಪಂದ್ಯದಲ್ಲಿ ಅನಿಷ್ಟ ಕಾದಿದೆಯೆಂದು ಜ್ಯೋತಿಷಿಯೊಬ್ಬ ನುಡಿದಿದ್ದ. ಅದು ಅವನ ಮನಸ್ಸನ್ನು ಕೊರೆಯುತ್ತಿತ್ತು. ಅಂಡೋರದ ವಿಶ್ರಾಂತಿಯ ದಿನ ಆತ ಸುಟ್ಟ ಕುರಿಮರಿಯ ಔತಣಕ್ಕೆ ಕುಳಿತ. ಮರುದಿನ ಮೊದಲ ಏರಿನಲ್ಲೇ ಕುಸಿದು ನಿಮಿಷಗಟ್ಟಲೆ ಹಿಂದೆ ಬಿದ್ದ. ಬಳಿಕ ಮಂಜು ಕವಿದ ಇಳಿಜಾರಿನಲ್ಲಿ ಪ್ರಾಣದ ಹಂಗು ತೊರೆದು ಇಳಿದು ಮುಂದಿನವರನ್ನು ಹಿಡಿದ. ಅದೇ ದಿನ ಪುಲಿದೋರನ ಸೈಕಲ್ ಕೆಟ್ಟಿತು. ಬೇರೆ ಸೈಕಲ್ ಕೊಟ್ಟು ನೂಕಿದ ಸಹಾಯಕನ ಅವಸರಕ್ಕೆ ಅವನು ಮಗುಚಿ ಬಿದ್ದು, ಎರಡು ನಿಮಿಷಕ್ಕೂ ಹೆಚ್ಚು ಸಮಯ ಕಳೆದುಕೊಂಡ.

ಹೀಗೆ ಜುಲೈ ೧೨ ಬಂದಿತು. ಅಂದು ಹಾದಿಯ ಕೊನೆಗೆ ಪ್ಯೂಯಿ ದ ದೋಮ್ ಎಂಬ ಆರಿದ ಜ್ವಾಲಾಮುಖಿಯ ಏರು. ಆಂಕೆತಿಲ್ ೫೬ ಸೆಕೆಂಡು ಮುಂದಿದ್ದ. ಎದುರಾಳಿಯ ಹಿಂದೆ ಅಂಟಿಕೊಳ್ಳುವುದು ವಾಡಿಕೆ. ಆತ ಹಾಗೆ ಮಾಡದೆ ಪಕ್ಕಕ್ಕೇ ಬಂದು, ಭುಜಕ್ಕೆ ಭುಜ, ಮೊಣಕೈಗೆ ಮೊಣಕೈ ತಾಗುವಂತೆ ತುಳಿದ. ತನಗೆ ದಣಿವಿಲ್ಲವೆಂದು ತೋರಿಸುವುದೇ ಅವನ ಉಪಾಯ. ಒಳಗೆ ಅವನ ಕಸುವು ಬತ್ತಿಹೋಗಿತ್ತು. ಪುಲಿದೋರನಿಗೆ ಅದು ತಿಳಿಯಲಿಲ್ಲ. ಇಬ್ಬರೂ ಮೈಗೆ ಮೈ ಒರಗಿಸಿಕೊಂಡಂತೆ ಕಾಣುವ ಆ ಗಳಿಗೆಯ ಛಾಯಾಚಿತ್ರ ಜಗತ್ಪ್ರಸಿದ್ಧವಾಗಿದೆ. ಶಿಖರ ಇನ್ನೇನು ಹತ್ತಿರವಾದಾಗ ಆಂಕೆತಿಲ್ ಹಿಂದೆ ಬಿದ್ದ. ಪುಲಿದೋರ್ ಗಳಿಸಿದ್ದು ೪೨ ಸೆಕೆಂಡು. ಆಂಕೆತಿಲನ ಬಳಿ ಉಳಿದದ್ದು ೧೪. ಆ ಏರನ್ನು ಮುಂಚಿತವಾಗಿ ಹತ್ತಿ ನೋಡಿರಲಿಲ್ಲ, ತಾನು ಇಟ್ಟುಕೊಂಡ ಗೇರು ಭಾರವಾಯಿತು ಎಂದು ಪುಲಿದೋರ್ ಮುಂದೆ ಹೇಳಿಕೊಂಡ. ಸಿದ್ಧತೆಯ ಒಂದು ಸಣ್ಣ ಕೊರತೆ! ಎರಡು ದಿನಗಳ ಬಳಿಕ ಪ್ಯಾರಿಸಿಗೆ ಗಡಿಯಾರದೆದುರಿನ ಓಟ. ಅಲ್ಲಿ ಆಂಕೆತಿಲನೇ ರಾಜ. ಅಂತಿಮ ಅಂತರ ೫೫ ಸೆಕೆಂಡು. ಮೊನಾಕೊದಲ್ಲಿ ಕೈತಪ್ಪಿದ ಆ ಒಂದು ನಿಮಿಷ ಇದಕ್ಕಿಂತ ದೊಡ್ಡದು.

ಪುಲಿದೋರ್ ೧೯೬೨ರಿಂದ ೧೯೭೬ರ ನಡುವೆ ೧೪ ಟೂರುಗಳಲ್ಲಿ ಓಡಿದ. ಮೂರು ಸಲ ಎರಡನೆಯವನು, ಐದು ಸಲ ಮೂರನೆಯವನು. ಹಳದಿ ಅಂಗಿಯನ್ನು ಒಂದು ದಿನಕ್ಕೂ ತೊಡಲಿಲ್ಲ. ಆದರೆ ಫ್ರಾನ್ಸಿನ ಜನ ರಸ್ತೆಬದಿಯಲ್ಲಿ ನಿಂತು ಕೂಗಿದ್ದು ಅವನ ಹೆಸರನ್ನು. ಐದು ಸಲ ಗೆದ್ದ ಆಂಕೆತಿಲನಿಗೆ ಇದು ಕೊನೆಯವರೆಗೂ ಬಿಡಿಸಲಾಗದ ಒಗಟಾಗಿತ್ತು. ನಮಗೆ ಒಗಟಾಗಬೇಕಾಗಿಲ್ಲ. ಪಂಪನು ತನ್ನ ಭಾರತದಲ್ಲಿ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಅವನನ್ನೇ ನಾಯಕನನ್ನಾಗಿ ಮಾಡಿದ. ಆದರೂ ಕಾವ್ಯ ಮುಚ್ಚಿದ ಮೇಲೆ ಓದುಗನ ಎದೆಯಲ್ಲಿ ಉಳಿಯುವವನು ಕರ್ಣ. ರನ್ನನ ಗದಾಯುದ್ಧದಲ್ಲಿ ಗೆಲ್ಲುವವನು ಭೀಮನಾದರೂ ನಾವು ಮರುಗುವುದು ದುರ್ಯೋಧನನಿಗೆ. ಗೆಲುವು ಗೆದ್ದವನ ಸೊತ್ತಾಗಿ ಮುಗಿದುಹೋಗುತ್ತದೆ. ಸೋಲಿನಲ್ಲಿ ಎಲ್ಲರಿಗೂ ಪಾಲಿದೆ.

ಸಿದ್ಧತೆಯ ಮಾತಿಗೆ ಮರಳೋಣ. ಇಂದಿನ ಸವಾರ ೨,೦೦೦ ಮೀಟರಿಗೂ ಎತ್ತರದ ಬೆಟ್ಟಗಳಲ್ಲಿ ವಾರಗಟ್ಟಲೆ ವಾಸಿಸಿ, ತೆಳುವಾದ ಗಾಳಿಯನ್ನುಸಿರಾಡಿ ರಕ್ತದ ಕೆಂಪು ಕಣಗಳನ್ನು ಹೆಚ್ಚಿಸಿಕೊಳ್ಳುತ್ತಾನೆ. ಅನ್ನವನ್ನು ತಕ್ಕಡಿಯಲ್ಲಿ ತೂಗಿ ಉಣ್ಣುತ್ತಾನೆ. ತುಳಿತದ ಬಲವನ್ನು ಯಂತ್ರ ಗಳಿಗೆಗಳಿಗೆಗೂ ಅಳೆಯುತ್ತದೆ. ಇದೆಲ್ಲ ತಪಸ್ಸೆಂದೇ ಹೇಳಬಹುದು. ಆದರೆ 'ಸಿದ್ಧತೆ' ಎಂಬ ಪದವೇ ಆ ಬಳಗದಲ್ಲಿ ಬಹುಕಾಲ ಔಷಧಿಸೇವನೆಗೆ ಮರೆಮಾತಾಗಿತ್ತು ಎಂಬುದನ್ನು ಚರಿತ್ರೆ ಮುಚ್ಚಿಡಲಾಗದು. ಆಂಕೆತಿಲ್ ಉತ್ತೇಜಕ ಮದ್ದುಗಳ ಬಳಕೆಯನ್ನು ಬಹಿರಂಗವಾಗಿ ಒಪ್ಪಿಕೊಂಡವನು, ಅದರ ತಪಾಸಣೆಯನ್ನು ವಿರೋಧಿಸಿದವನು. ೧೯೬೭ರ ಜುಲೈ ೧೩ರಂದು ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಮೋಂ ವಾಂತು ಬೆಟ್ಟದ ಉರಿಬಿಸಿಲಿನಲ್ಲಿ ಸೈಕಲಿನಿಂದ ಉರುಳಿ ಪ್ರಾಣ ಬಿಟ್ಟ. ಅವನ ಮೈಯಲ್ಲಿ ಆ ಮದ್ದು ಕಂಡುಬಂದಿತು. ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ೧೯೯೯ರಿಂದ ೨೦೦೫ರವರೆಗೆ ಸತತವಾಗಿ ಗಳಿಸಿದ ಏಳು ಪ್ರಶಸ್ತಿಗಳನ್ನೂ ೨೦೧೨ರಲ್ಲಿ ಕಿತ್ತುಕೊಳ್ಳಲಾಯಿತು. ಅವನ್ನು ಎರಡನೆಯವರಿಗೂ ಕೊಡಲಿಲ್ಲ. ವಿಜೇತರ ಪಟ್ಟಿಯಲ್ಲಿ ಆ ಏಳು ವರ್ಷಗಳು ಖಾಲಿ ಉಳಿದಿವೆ. ಏಳು ಸಲ ಹಳದಿ ಅಂಗಿಯಲ್ಲಿ ಪ್ಯಾರಿಸ್ ಹೊಕ್ಕವನ ಸ್ಥಾನ ಬರಿದಾಯಿತು. ಅದನ್ನು ಒಮ್ಮೆಯೂ ತೊಡದವನ ಸ್ಥಾನ ತುಂಬಿಕೊಂಡಿದೆ. ಎದುರಾಳಿಯನ್ನು ಅಳಿಸಿಹಾಕಲು ನಡೆಸಿದ ಸಿದ್ಧತೆ ಕೊನೆಗೆ ತನ್ನನ್ನೇ ಅಳಿಸಿತು.

ಒಳ್ಳೆಯ ಸ್ಪರ್ಧೆ ಸತ್ತಿಲ್ಲ. ೨೦೨೨ರಲ್ಲಿ ಪಿರೆನೀಸಿನ ಇಳಿಜಾರಿನಲ್ಲಿ ಸ್ಲೊವೇನಿಯಾದ ತಾದೆಯ್ ಪೊಗಾಚರ್ ಜಾರಿ ಬಿದ್ದಾಗ, ಹಳದಿ ಅಂಗಿಯಲ್ಲಿದ್ದ ಡೆನ್ಮಾರ್ಕಿನ ಯೋನಾಸ್ ವಿಂಗೆಗಾರ್ಡ್ ವೇಗ ತಗ್ಗಿಸಿ ಅವನಿಗಾಗಿ ಕಾದ. ಎದ್ದುಬಂದವನು ಕೈನೀಡಿದ, ಕಾದವನು ಹಿಡಿದುಕೊಂಡ. ಆ ಬಳಿಕ ಮತ್ತೆ ಹೋರಾಟ. ಆ ವರ್ಷ ಟೂರ್ ಗೆದ್ದವನು ಕಾದವನೇ.

ನಮ್ಮ ನಾಡಿಗೂ ಈ ಆಟ ಹೊಸದಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಯ ಮಕ್ಕಳು ಕ್ರೀಡಾನಿಲಯಗಳಲ್ಲಿದ್ದು ರಾಷ್ಟ್ರಮಟ್ಟದ ಪದಕಗಳನ್ನು ತರುತ್ತ ಬಂದಿದ್ದಾರೆ. ಬೆಂಗಳೂರಿನಿಂದ ನೀಲಗಿರಿಯತ್ತ ಹಂತಹಂತವಾಗಿ ಸಾಗುವ ಸೈಕಲ್ ಯಾತ್ರೆ ೨೦೦೮ರಲ್ಲಿ ಆರಂಭವಾಯಿತು. ಬೆಂಗಳೂರಿನ ಸವಾರ ನವೀನ್ ಜಾನ್ ೨೦೧೬ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಗಡಿಯಾರದೆದುರು ಓಡಿದ. ಬಯಲುಸೀಮೆಯ ಗಾಳಿಯಲ್ಲಿ ತುಳಿದು ಬೆಳೆದ ಹುಡುಗ ಹುಡುಗಿಯರಿಗೆ ಕಾಲಿನ ಬಲ ಕಡಿಮೆಯಿಲ್ಲ. ಬೇಕಾದದ್ದು ಒಳ್ಳೆಯ ಸೈಕಲ್, ಒಳ್ಳೆಯ ಗುರು, ಮತ್ತು ತನಗೆ ಸಮನಾದ ಒಬ್ಬ ಎದುರಾಳಿ.

ಆಂಕೆತಿಲ್ ಮತ್ತು ಪುಲಿದೋರ್ ಮುಪ್ಪಿನತ್ತ ಸಾಗುತ್ತ ಗೆಳೆಯರಾದರು. ೧೯೮೭ರಲ್ಲಿ ಆಂಕೆತಿಲ್ ಹೊಟ್ಟೆಯ ಕ್ಯಾನ್ಸರಿನಿಂದ ನರಳುತ್ತಿದ್ದ. ಈ ನೋವು ಹಗಲೂ ರಾತ್ರಿ ಪ್ಯೂಯಿ ದ ದೋಮ್ ಹತ್ತಿದಂತಿದೆ ಎಂದು ಆತ ಪುಲಿದೋರನಿಗೆ ಹೇಳಿದನಂತೆ. ಈ ಸಲವೂ ನೀನು ನನ್ನ ಹಿಂದೆ ಎರಡನೆಯವನೇ ಎಂದು ನಕ್ಕನಂತೆ. ಇದನ್ನು ಲೋಕಕ್ಕೆ ತಿಳಿಸಿದವನು ಪುಲಿದೋರನೇ. ೫೩ನೆಯ ವಯಸ್ಸಿನಲ್ಲಿ ಆಂಕೆತಿಲ್ ತೀರಿಕೊಂಡ. ಎರಡನೆಯವನು ೨೦೧೯ರ ನವೆಂಬರಿನವರೆಗೆ ಬಾಳಿದ. ಮತ್ತೆರಡು ವರ್ಷಕ್ಕೆ, ೨೦೨೧ರ ಟೂರಿನ ಎರಡನೆಯ ದಿನ, ಪುಲಿದೋರನ ಮಗಳ ಮಗ ಮಾತ್ಯು ವಾನ್ ದರ್ ಪೂಲ್ ಬ್ರಿಟನಿಯ ಒಂದು ಏರಿನ ಮೇಲೆ ಗೆದ್ದು, ಬೆರಳನ್ನು ಆಕಾಶಕ್ಕೆ ತೋರಿದ. ಅಂದು ಅವನ ಮೈಗೆ ಹಳದಿ ಅಂಗಿ ಬಂದಿತು. ತಾತನಿಗೆ ೧೪ ಟೂರುಗಳಲ್ಲೂ ದಕ್ಕದ ಆ ಬಟ್ಟೆಯನ್ನು ಮೊಮ್ಮಗ ಆರು ದಿನ ತೊಟ್ಟ. ಆತ ಅತ್ತದ್ದನ್ನು ಕಂಡ ಜನ ತಾವೂ ಕಣ್ಣೊರೆಸಿಕೊಂಡರು.